ತಿಮಿಂಗಿಲದ ವಂಶವೃಕ್ಷ

ಮೀನು ಈಜುವಾಗ ಬಾಲವನ್ನು ಎಡಕ್ಕೂ ಬಲಕ್ಕೂ ಬೀಸುತ್ತದೆ. ತಿಮಿಂಗಿಲ ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ಎರಡೂ ನೀರಿನಲ್ಲೇ ಬಾಳುವ ಜೀವಿಗಳು, ಎರಡಕ್ಕೂ ಬೇಕಾದದ್ದು ಮುಂದಕ್ಕೆ ನುಗ್ಗುವ ಬಲ. ಆದರೂ ಬೆನ್ನುಮೂಳೆ ಬಾಗುವ ರೀತಿ ಬೇರೆ ಬೇರೆ. ಬೇಟೆಯ ಹಿಂದೆ ಓಡುವ ಚಿರತೆಯನ್ನು ಟಿ.ವಿ.ಯಲ್ಲಿ ನಿಧಾನಗತಿಯಲ್ಲಿ ತೋರಿಸುವಾಗ ಅದರ ಬೆನ್ನನ್ನು ಗಮನಿಸಿ. ಅದು ಮೇಲೆದ್ದು ಬಾಗುತ್ತದೆ, ನೀಳವಾಗಿ ಚಾಚುತ್ತದೆ, ಮತ್ತೆ ಬಾಗುತ್ತದೆ. ತಿಮಿಂಗಿಲದ ಈಜಿನಲ್ಲಿ ಇರುವುದು ಇದೇ ಚಲನೆ. ನೆಲದಲ್ಲಿ ಓಡುವ ಸಸ್ತನಿಯ ಬೆನ್ನನ್ನು ಹೊತ್ತುಕೊಂಡೇ ಅದು ಕಡಲಿನಲ್ಲಿ ಈಜುತ್ತಿದೆ.

ಬೆನ್ನೊಂದೇ ಏಕೆ? ತಿಮಿಂಗಿಲಕ್ಕೆ ಕಿವಿರುಗಳಿಲ್ಲ. ಶ್ವಾಸಕೋಶದಿಂದ ಉಸಿರಾಡುವ ಅದು ಗಾಳಿಗಾಗಿ ಆಗಾಗ ಮೇಲಕ್ಕೆ ಬರಲೇಬೇಕು. ಅದರದು ಬಿಸಿ ರಕ್ತ. ಮರಿ ಹಾಕುತ್ತದೆ, ಹಾಲೂಡುತ್ತದೆ. ಡಾಲ್ಫಿನ್‌ಗಳು ಗಾಳಿ ಉಸಿರಾಡುತ್ತವೆ, ಮರಿಗೆ ಹಾಲು ಕುಡಿಸುತ್ತವೆ ಎಂಬುದು ಅರಿಸ್ಟಾಟಲನಿಗೇ ಗೊತ್ತಿತ್ತು. ಜೀವಿಗಳನ್ನು ವರ್ಗೀಕರಿಸಿದ ಸ್ವೀಡನ್ನಿನ ಲಿನಿಯಸ್ 1758ರಲ್ಲಿ ತಿಮಿಂಗಿಲಗಳನ್ನು ಮೀನುಗಳ ಗುಂಪಿನಿಂದ ಎತ್ತಿ ಸಸ್ತನಿಗಳ ಸಾಲಿನಲ್ಲಿ ಕೂರಿಸಿದ. ಸಸ್ತನಿಗಳು ನೆಲದ ಜೀವಿಗಳು ಎಂದಾದರೆ ಇದೊಂದು ಸಮುದ್ರ ಸೇರಿದ್ದು ಹೇಗೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಳೆದ ನಾಲ್ಕೈದು ದಶಕಗಳಲ್ಲಿ. ಉತ್ತರದ ಬಹುಪಾಲು ಹೂತಿದ್ದದ್ದು ಭಾರತ ಮತ್ತು ಪಾಕಿಸ್ತಾನದ ನೆಲದಲ್ಲಿ. ಜೀವವಿಕಾಸಕ್ಕೆ ಏನು ಪುರಾವೆ ಎಂದು ಕೇಳುವವರಿಗೆ ಇಷ್ಟು ಅಚ್ಚುಕಟ್ಟಾಗಿ ತೋರಿಸಬಹುದಾದ ಕತೆಗಳು ಕೆಲವೇ ಕೆಲವು.

ಡಾರ್ವಿನ್ ಹಿಂತೆಗೆದುಕೊಂಡ ಕರಡಿ

ಚಾರ್ಲ್ಸ್ ಡಾರ್ವಿನ್ 1859ರಲ್ಲಿ ‘ಜೀವಜಾತಿಗಳ ಉಗಮ’ವನ್ನು ಪ್ರಕಟಿಸಿದಾಗ ಅವನ ಕೈಯಲ್ಲಿ ತಿಮಿಂಗಿಲದ ಕಾಲಿದ್ದ ಪೂರ್ವಜರ ಒಂದು ಎಲುಬೂ ಇರಲಿಲ್ಲ. ಉತ್ತರ ಅಮೆರಿಕದ ಕಪ್ಪು ಕರಡಿಯೊಂದು ಗಂಟೆಗಟ್ಟಲೆ ಬಾಯಿ ತೆರೆದು ಈಜುತ್ತ ನೀರಿನ ಮೇಲಿನ ಕೀಟಗಳನ್ನು ಹಿಡಿಯುತ್ತಿತ್ತು ಎಂಬ ಪ್ರವಾಸಿಯೊಬ್ಬನ ವರದಿಯನ್ನು ಅವನು ಓದಿದ್ದ. ಅಂಥ ಪ್ರಾಣಿ ತಲೆಮಾರುಗಳು ಕಳೆದಂತೆ ನೀರಿಗೆ ಹೆಚ್ಚು ಹೆಚ್ಚು ಒಗ್ಗಿ, ಬಾಯಿ ದೊಡ್ಡದಾಗಿ, ಕೊನೆಗೆ ತಿಮಿಂಗಿಲದಂಥ ಜೀವಿಯಾಗುವುದರಲ್ಲಿ ತನಗೆ ಅಸಾಧ್ಯವಾದದ್ದೇನೂ ಕಾಣುವುದಿಲ್ಲ ಎಂದು ಬರೆದ. ಟೀಕಾಕಾರರು ಬಿಡಲಿಲ್ಲ. ಕರಡಿ ತಿಮಿಂಗಿಲವಾದ ಕತೆ ನಗೆಪಾಟಲಾಯಿತು. ಮುಂದಿನ ಆವೃತ್ತಿಗಳಲ್ಲಿ ಡಾರ್ವಿನ್ ಆ ಭಾಗವನ್ನು ಕತ್ತರಿಸಿಹಾಕಿದ.

ಕರಡಿಯ ವಿಷಯದಲ್ಲಿ ಅವನ ಊಹೆ ಸರಿಯಿರಲಿಲ್ಲ. ನೆಲದ ಸಸ್ತನಿಯೊಂದು ಹಂತ ಹಂತವಾಗಿ ನೀರಿಗಿಳಿದಿರಬೇಕು ಎಂಬ ಮೂಲ ವಾದ ಮಾತ್ರ ಗಟ್ಟಿಯಾಗಿತ್ತು. ಆ ವಾದ ನಿಜವಾದರೆ ಹಳೆಯ ಬಂಡೆಗಳ ಪದರಗಳಲ್ಲಿ ಕಾಲಿರುವ ತಿಮಿಂಗಿಲಗಳು ಸಿಗಬೇಕು. ಸಿಗದಿದ್ದರೆ ವಾದಕ್ಕೆ ಕಷ್ಟ. ನೂರು ವರ್ಷಕ್ಕೂ ಹೆಚ್ಚು ಕಾಲ ಅಂಥದ್ದು ಸಿಗಲಿಲ್ಲ. ಡಾರ್ವಿನ್ನನ ವಿರೋಧಿಗಳು ತಿಮಿಂಗಿಲವನ್ನೇ ತಮ್ಮ ನೆಚ್ಚಿನ ಉದಾಹರಣೆ ಮಾಡಿಕೊಂಡಿದ್ದರು.

ಕಣ್ಣಾರೆ ಕಂಡವರು ಯಾರು?

2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಡಾರ್ವಿನ್ನನ ಸಿದ್ಧಾಂತವೇ ತಪ್ಪು ಎಂದು ಹೇಳಿಕೆ ಕೊಟ್ಟರು. ಮಂಗ ಮನುಷ್ಯನಾದದ್ದನ್ನು ಕಂಡದ್ದಾಗಿ ನಮ್ಮ ಹಿರಿಯರು ಯಾರೂ ಹೇಳಿಲ್ಲ ಎಂಬುದು ಅವರ ತರ್ಕವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಇದನ್ನು ಅಲ್ಲಗಳೆದವು.

ಕಂಡವರಿದ್ದರೆ ಮಾತ್ರ ನಂಬುತ್ತೇವೆ ಎಂದು ಹೊರಟರೆ ನಮ್ಮ ನಾಡಕಚೇರಿಗಳ ಬಾಗಿಲು ಹಾಕಬೇಕಾಗುತ್ತದೆ. ಪಿತ್ರಾರ್ಜಿತ ಜಮೀನಿನ ಖಾತೆ ಬದಲಾಯಿಸಲು ಹೋದವರಿಗೆ ಗೊತ್ತು, ಅಲ್ಲಿ ಮೊದಲು ಕೇಳುವುದು ವಂಶವೃಕ್ಷ. ಮುತ್ತಜ್ಜ ಹುಟ್ಟಿದ್ದನ್ನು ಕಂಡವರು ಯಾರೂ ಬದುಕಿಲ್ಲ. ಹಳೆಯ ಪಹಣಿಯಲ್ಲಿ ಒಂದು ಹೆಸರಿರುತ್ತದೆ, ಸಾಲ ತೀರಿಸಿದ ಪತ್ರದಲ್ಲಿ ಅದೇ ಹೆಸರು, ಶಾಲೆಯ ದಾಖಲಾತಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಮತ್ತೆ ಅದೇ. ಈ ಕಾಗದಗಳನ್ನು ಬರೆದವರು ಒಬ್ಬರನ್ನೊಬ್ಬರು ಕಂಡವರಲ್ಲ, ಒಂದೇ ಉದ್ದೇಶಕ್ಕೆ ಬರೆದವರೂ ಅಲ್ಲ. ಆದ್ದರಿಂದಲೇ ಅವರೆಲ್ಲರ ಬರಹ ಒಂದೇ ಮಾತು ಹೇಳಿದಾಗ ಅದಕ್ಕೆ ತೂಕ ಬರುತ್ತದೆ.

ಜೀವವಿಕಾಸದ ಪುರಾವೆಯೂ ಇದೇ ಬಗೆಯದು. ಯಾವುದೋ ಒಂದು ಎಲುಬಿನ ಮೇಲೆ ಅದು ನಿಂತಿಲ್ಲ. ಬಂಡೆಯ ಪದರ, ಕಿವಿಯ ಮೂಳೆ, ಕಾಲಿನ ಕೀಲು, ಹಲ್ಲಿನ ರಸಾಯನ, ಜೀವಕೋಶದೊಳಗಿನ ಡಿಎನ್ಎ, ಗರ್ಭದಲ್ಲಿರುವ ಭ್ರೂಣ, ಇವುಗಳಿಗೆ ತಮ್ಮತಮ್ಮಲ್ಲಿ ಮಾತಾಡಿಕೊಂಡು ಬರಲು ದಾರಿಯೇ ಇಲ್ಲ. ತಿಮಿಂಗಿಲದ ವಿಷಯದಲ್ಲಿ ಇವೆಲ್ಲ ಏನು ಹೇಳುತ್ತವೆ ಎಂಬುದನ್ನು ಒಂದೊಂದಾಗಿ ನೋಡೋಣ.

ಟೆಥಿಸ್ ಸಮುದ್ರದ ದಡದಲ್ಲಿ

ಸುಮಾರು 5 ಕೋಟಿ ವರ್ಷಗಳ ಹಿಂದೆ ಹಿಮಾಲಯ ಇನ್ನೂ ಎದ್ದಿರಲಿಲ್ಲ. ಭಾರತದ ಭೂಫಲಕ ದಕ್ಷಿಣದಿಂದ ತೇಲಿಬಂದು ಏಷ್ಯಾಕ್ಕೆ ಒತ್ತಿಕೊಳ್ಳುತ್ತಿದ್ದ ಕಾಲ. ನಡುವೆ ಕಿರಿದಾಗುತ್ತಿದ್ದ ಟೆಥಿಸ್ ಸಮುದ್ರದ ಅಂಚಿನಲ್ಲಿ ಬೆಚ್ಚಗಿನ ಆಳವಿಲ್ಲದ ನೀರು, ನದಿಮುಖಗಳು, ಜೌಗು ಪ್ರದೇಶಗಳು ಇದ್ದವು. ಇಂದಿನ ಪಾಕಿಸ್ತಾನದ ಉತ್ತರ ಭಾಗ, ಜಮ್ಮು, ಕಛ್, ಇವೆಲ್ಲ ಆ ದಡಕ್ಕೆ ಸೇರಿದ ಜಾಗಗಳು.

1981ರಲ್ಲಿ ಅಮೆರಿಕದ ಫಿಲಿಪ್ ಗಿಂಜರಿಚ್ ಮತ್ತು ಫ್ರಾನ್ಸಿನ ಡೊನಾಲ್ಡ್ ರಸೆಲ್ ಪಾಕಿಸ್ತಾನದಲ್ಲಿ ಸಿಕ್ಕ ತಲೆಬುರುಡೆಯೊಂದನ್ನು ವರ್ಣಿಸಿ ‘ಪಾಕಿಸೀಟಸ್’ ಎಂದು ಹೆಸರಿಟ್ಟರು. ಸುಮಾರು 5 ಕೋಟಿ ವರ್ಷ ಹಳೆಯದಾದ ಅದರ ಮೂತಿ, ಹಲ್ಲು ನೆಲದ ಮಾಂಸಾಹಾರಿಯ ಹಾಗಿದ್ದವು, ಕಿವಿಯ ಮೂಳೆ ಮಾತ್ರ ತಿಮಿಂಗಿಲದ್ದು. ದೇಹ ಸಿಗದಿದ್ದುದರಿಂದ ಮೊದಲು ಅದನ್ನು ಅರೆ ಜಲಚರದಂತೆ ಚಿತ್ರಿಸಿದರು. 2001ರಲ್ಲಿ ಹಾನ್ಸ್ ಥೆವಿಸೆನ್ ಅವರ ತಂಡ ಅದರ ದೇಹದ ಎಲುಬುಗಳನ್ನೂ ಪ್ರಕಟಿಸಿದಾಗ ಗೊತ್ತಾಯಿತು, ಅದಕ್ಕೆ ಓಡಬಲ್ಲ ನಾಲ್ಕು ಉದ್ದನೆಯ ಕಾಲುಗಳಿದ್ದವು.

ಅದಕ್ಕೂ ಮೊದಲೇ, 1994ರಲ್ಲಿ, ಥೆವಿಸೆನ್ ಅವರ ತಂಡ ಪಾಕಿಸ್ತಾನದ ಪಂಜಾಬಿನ ಕಾಲಾ ಚಿಟ್ಟಾ ಬೆಟ್ಟಗಳಲ್ಲಿ ಸಿಕ್ಕ ‘ಆಂಬ್ಯುಲೋಸೀಟಸ್’ ಅನ್ನು ಪರಿಚಯಿಸಿತ್ತು. ಮೋಟು ಕಾಲು, ದೊಡ್ಡ ಪಾದ, ಉದ್ದ ಮೂತಿ. ನೆಲದ ಮೇಲೆ ನಡೆಯಬಲ್ಲದು, ನೀರಿನಲ್ಲಿ ಈಜಬಲ್ಲದು. ಈಜುವಾಗ ಅದು ಬೆನ್ನನ್ನು ಮೇಲೆ ಕೆಳಗೆ ಬಾಗಿಸಿ ಹಿಂಗಾಲಿನಿಂದ ನೀರನ್ನು ಒದೆಯುತ್ತಿತ್ತು ಎಂದು ಎಲುಬುಗಳು ತೋರಿಸುತ್ತವೆ. ತುಂಗಭದ್ರೆಯ ನೀರುನಾಯಿಗಳು ಇಂದಿಗೂ ಈಜುವುದು ಹೆಚ್ಚುಕಡಿಮೆ ಹೀಗೆಯೇ.

ಗುಜರಾತಿನ ಕಛ್ ಈ ಕತೆಯ ಇನ್ನೊಂದು ಅಧ್ಯಾಯ. ಅಲ್ಲಿನ ಬಂಡೆಗಳಲ್ಲಿ ಪುರಾತನ ತಿಮಿಂಗಿಲಗಳಿವೆ ಎಂದು ಅಶೋಕ್ ಸಾಹ್ನಿ ಮತ್ತು ವಿ.ಪಿ. ಮಿಶ್ರಾ 1970ರ ದಶಕದಲ್ಲೇ ತೋರಿಸಿದ್ದರು. ಸುನಿಲ್ ಬಾಜಪೇಯಿ ಮತ್ತು ಥೆವಿಸೆನ್ 2000ದಲ್ಲಿ ಅಲ್ಲಿಂದಲೇ ‘ಕಛಿಸೀಟಸ್’ ಎಂಬ ಪುಟ್ಟ ತಿಮಿಂಗಿಲವನ್ನು ವರ್ಣಿಸಿದರು. ಚಿಕ್ಕ ಕಾಲು, ಬಲವಾದ ಉದ್ದ ಬಾಲ, ಕೊಕ್ಕಿನಂತೆ ನೀಳವಾದ ಮೂತಿ. ಈಜಿನ ಭಾರ ಕಾಲಿನಿಂದ ಬಾಲದ ಕಡೆಗೆ ಜಾರುತ್ತಿದ್ದ ಹಂತ ಅದು.

ಮುಂದಿನ ಕೊಂಡಿ ಸಿಕ್ಕಿದ್ದು ಈಜಿಪ್ಟಿನ ಮರಳುಗಾಡಿನಲ್ಲಿ. ‘ಬ್ಯಾಸಿಲೋಸಾರಸ್’ ಎಂಬ ದೈತ್ಯ ತಿಮಿಂಗಿಲದ ಎಲುಬುಗಳು ಅಮೆರಿಕದಲ್ಲಿ 19ನೇ ಶತಮಾನದಲ್ಲೇ ಸಿಕ್ಕಿದ್ದವು. 1834ರಲ್ಲಿ ಅದನ್ನು ಸರೀಸೃಪವೆಂದು ತಿಳಿದು ಹಾಗೆಂದೇ ಹೆಸರಿಟ್ಟಿದ್ದರು. ಅದು ಸಸ್ತನಿ ಎಂದು ರಿಚರ್ಡ್ ಓವನ್ ತೋರಿಸಿಕೊಟ್ಟ. ಕಾಲಿನ ವಿಷಯ ಬಹುಕಾಲ ಅಸ್ಪಷ್ಟವಾಗಿಯೇ ಇತ್ತು. 1990ರಲ್ಲಿ ಗಿಂಜರಿಚ್, ಹಾಲಿ ಸ್ಮಿತ್ ಮತ್ತು ಎಲ್ವಿನ್ ಸೈಮನ್ಸ್ ಈಜಿಪ್ಟಿನ ‘ತಿಮಿಂಗಿಲಗಳ ಕಣಿವೆ’ಯಿಂದ ಅದರ ಹಿಂಗಾಲುಗಳನ್ನೇ ಹೊರತೆಗೆದರು. ಸುಮಾರು 16 ಮೀಟರ್ ಉದ್ದದ ಪ್ರಾಣಿಗೆ 35 ಸೆಂಟಿಮೀಟರ್ ಕಾಲು! ತೊಡೆಮೂಳೆ, ಮಂಡಿಚಿಪ್ಪು, ಪಾದ, ಮೂರು ಬೆರಳು ಎಲ್ಲವೂ ಇವೆ. ಆದರೆ ಅಷ್ಟು ದೊಡ್ಡ ದೇಹವನ್ನು ಹೊತ್ತು ನಡೆಸಲು ಅದು ಯಾವ ಲೆಕ್ಕಕ್ಕೂ ಸಾಲದು. ‘ವಾದಿ ಅಲ್ ಹಿತಾನ್’ ಎಂಬ ಆ ಕಣಿವೆಯನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಇಲ್ಲಿ ಮುಖ್ಯವಾದದ್ದು ಪದರಗಳ ಕ್ರಮ. ಹಳೆಯ ಪದರದಲ್ಲಿ ಓಡುವ ಕಾಲು, ನಂತರದ್ದರಲ್ಲಿ ಮೋಟು ಕಾಲು, ಇನ್ನೂ ಈಚಿನದರಲ್ಲಿ ನಡೆಯಲು ಬಾರದ ಪುಟಾಣಿ ಕಾಲು. ಮೂಗಿನ ಹೊಳ್ಳೆ ಪಾಕಿಸೀಟಸ್‌ನಲ್ಲಿ ಮೂತಿಯ ತುದಿಯಲ್ಲಿದೆ, ಮುಂದಿನವುಗಳಲ್ಲಿ ಹಿಂದಕ್ಕೆ ಸರಿಯುತ್ತ ಹೋಗಿದೆ, ಇಂದಿನ ತಿಮಿಂಗಿಲದಲ್ಲಿ ನೆತ್ತಿಗೆ ಬಂದಿದೆ. ಇವೆಲ್ಲ ನೇರವಾಗಿ ಅಜ್ಜ, ಅಪ್ಪ, ಮಗ ಎಂದು ವಿಜ್ಞಾನಿಗಳು ಹೇಳುವುದಿಲ್ಲ. ಕೆಲವು ದೊಡ್ಡಪ್ಪ, ಚಿಕ್ಕಪ್ಪನ ಕವಲುಗಳು. ಆದರೂ ಕುಟುಂಬ ಸಾಗಿದ ದಿಕ್ಕು ಸ್ಪಷ್ಟ.

ಕಿವಿ ಹೇಳಿದ್ದು

ಪಾಕಿಸೀಟಸ್ ನೋಡಲು ತೋಳದ ಹಾಗಿದ್ದರೂ ಅದನ್ನು ತಿಮಿಂಗಿಲದ ಕುಲಕ್ಕೆ ಸೇರಿಸಿದ್ದು ಕಿವಿಯ ಮೂಳೆ. ತಿಮಿಂಗಿಲ, ಡಾಲ್ಫಿನ್‌ಗಳ ನಡುಗಿವಿಯನ್ನು ಸುತ್ತುವರಿದ ಬಟ್ಟಲಿನಂಥ ಮೂಳೆಯ ಒಳಗೋಡೆ ಅಸಾಮಾನ್ಯವಾಗಿ ದಪ್ಪ. ಬೇರೆ ಯಾವ ಸಸ್ತನಿಯಲ್ಲೂ ಹೀಗಿಲ್ಲ ಎಂದೇ ಆಗ ತಿಳಿಯಲಾಗಿತ್ತು.

ನೀರಿನಲ್ಲಿ ಸದ್ದು ಕೇಳುವುದಕ್ಕೆ ಗಾಳಿಯ ಕಿವಿ ಒಗ್ಗುವುದಿಲ್ಲ. ಇಂದಿನ ಡಾಲ್ಫಿನ್ ಸದ್ದನ್ನು ಕೆಳದವಡೆಯಿಂದ ಹಿಡಿಯುತ್ತದೆ. ದವಡೆಯ ಟೊಳ್ಳಿನಲ್ಲಿ ತುಂಬಿದ ಕೊಬ್ಬಿನ ಮೂಲಕ ಕಂಪನ ಕಿವಿಯ ಮೂಳೆಗೆ ತಲಪುತ್ತದೆ. ಪಳೆಯುಳಿಕೆಗಳ ಕಿವಿಗಳನ್ನು ಸಾಲಾಗಿ ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಪಾಕಿಸೀಟಸ್‌ನದು ಇನ್ನೂ ನೆಲದ ಕಿವಿ. ಕಛ್‌ನ ತಿಮಿಂಗಿಲಗಳ ಕುಟುಂಬದಲ್ಲಿ ನೆಲದ ವ್ಯವಸ್ಥೆಯೂ ಇದೆ, ದವಡೆಯ ದಾರಿಯೂ ತೆರೆದುಕೊಂಡಿದೆ. ಬ್ಯಾಸಿಲೋಸಾರಸ್ ಕುಟುಂಬಕ್ಕೆ ಬರುವ ಹೊತ್ತಿಗೆ ಅದು ಬಹುಮಟ್ಟಿಗೆ ಇಂದಿನ ಕಿವಿಯೇ. ಕಾಲು ಕಿರಿದಾದ ಕ್ರಮ, ಕಿವಿ ಬದಲಾದ ಕ್ರಮ ಎರಡೂ ಒಂದಕ್ಕೊಂದು ಹೊಂದುತ್ತವೆ.

ಕೀಲು ತಂದ ತಿರುವು

ನೆಲದ ಯಾವ ಪ್ರಾಣಿ ತಿಮಿಂಗಿಲದ ನೆಂಟ? ಈ ಪ್ರಶ್ನೆಯ ಮೇಲೆ ವಿಜ್ಞಾನಿಗಳ ನಡುವೆ ದೊಡ್ಡ ಜಗಳವೇ ನಡೆಯಿತು. ಗೊರಸಿನ ಪ್ರಾಣಿಗಳ ಕಡೆಗೆ ಕೈ ತೋರಿಸಿದವರು 1883ರಲ್ಲೇ ಇದ್ದರು. 1966ರಲ್ಲಿ ಲೀ ವಾನ್ ವೇಲನ್ ಹಲ್ಲುಗಳ ಹೋಲಿಕೆಯ ಆಧಾರದ ಮೇಲೆ ಮೆಸೊನಿಕಿಡ್ ಎಂಬ, ಈಗ ಅಳಿದುಹೋಗಿರುವ ಮಾಂಸಾಹಾರಿ ಗುಂಪನ್ನು ಮುಂದಿಟ್ಟ. ಪಳೆಯುಳಿಕೆ ತಜ್ಞರಲ್ಲಿ ಬಹಳ ಮಂದಿ ಇದನ್ನು ಒಪ್ಪಿದ್ದರು. ಗಿಂಜರಿಚ್ ಕೂಡ ಒಪ್ಪಿದ್ದವರೇ.

ಇತ್ತ ಅಣುಜೀವವಿಜ್ಞಾನಿಗಳು ಬೇರೆಯೇ ಮಾತು ಹೇಳುತ್ತಿದ್ದರು. ರಕ್ತದ ಪ್ರೋಟೀನುಗಳನ್ನು ಹೋಲಿಸಿದಾಗ ತಿಮಿಂಗಿಲ ದನ, ಕುರಿ, ಹಂದಿ, ಒಂಟೆಗಳ ಗುಂಪಿಗೆ, ಅಂದರೆ ಸೀಳುಗೊರಸಿನ ಪ್ರಾಣಿಗಳಿಗೆ, ಹತ್ತಿರವಾಗಿತ್ತು. ಇದು 1950ರಷ್ಟು ಹಿಂದೆಯೇ ಕಂಡ ಸಂಗತಿ. 1990ರ ದಶಕದಲ್ಲಿ ಡಿಎನ್ಎ ಓದುವ ತಂತ್ರ ಬಂದಮೇಲೆ ಉತ್ತರ ಇನ್ನೂ ನಿಖರವಾಯಿತು. ತಿಮಿಂಗಿಲದ ಅತಿ ಹತ್ತಿರದ ಜೀವಂತ ನೆಂಟ ನೀರಾನೆ, ಅಂದರೆ ಹಿಪಪಾಟಮಸ್.

ಎಲುಬು ಒಂದು ಹೇಳುತ್ತದೆ, ಡಿಎನ್ಎ ಇನ್ನೊಂದು ಹೇಳುತ್ತದೆ. ಯಾರು ಸರಿ? ಇದನ್ನು ತೀರ್ಮಾನಿಸಬಲ್ಲ ಮೂಳೆಯೊಂದಿತ್ತು. ದನ, ಕುರಿ, ಮೇಕೆ, ಜಿಂಕೆ, ಹಂದಿ, ಒಂಟೆ, ನೀರಾನೆ, ಇವೆಲ್ಲವುಗಳ ಹಿಂಗಾಲಿನ ಪಾದದ ಕೀಲಿನಲ್ಲಿ ಮೇಲೂ ಕೆಳಗೂ ರಾಟೆಯ ಆಕಾರವಿರುವ ಗಿಡ್ಡ ಮೂಳೆಯೊಂದಿದೆ. ಕುದುರೆ, ನಾಯಿ, ಮನುಷ್ಯ ಯಾರಲ್ಲೂ ಈ ಎರಡು ರಾಟೆಯ ವಿನ್ಯಾಸವಿಲ್ಲ. ತಿಮಿಂಗಿಲ ಸೀಳುಗೊರಸಿನ ಕುಲದ್ದೇ ಆಗಿದ್ದರೆ ಕಾಲಿದ್ದ ಅದರ ಪೂರ್ವಜರಲ್ಲಿ ಈ ಮೂಳೆ ಇರಲೇಬೇಕು. ಇಂದಿನ ತಿಮಿಂಗಿಲಕ್ಕೆ ಪಾದವೇ ಇಲ್ಲವಾದ್ದರಿಂದ ಪಳೆಯುಳಿಕೆಗಾಗಿ ಕಾಯಬೇಕಾಯಿತು.

2001ರ ಸೆಪ್ಟೆಂಬರಿನಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಉತ್ತರ ಕೊಟ್ಟವು. ಥೆವಿಸೆನ್ ತಂಡ ಪಾಕಿಸೀಟಸ್ ಬಳಗದ ಪಾದದ ಮೂಳೆ ತೋರಿಸಿತು. ಗಿಂಜರಿಚ್ ತಂಡ ಬಲೂಚಿಸ್ತಾನದಲ್ಲಿ ಸಿಕ್ಕ ರೋಡೋಸೀಟಸ್ ಮತ್ತು ಆರ್ಟಿಯೋಸೀಟಸ್ ಎಂಬ ಪುರಾತನ ತಿಮಿಂಗಿಲಗಳದನ್ನು ತೋರಿಸಿತು. ಎಲ್ಲದರಲ್ಲೂ ಎರಡು ರಾಟೆ. ಮೆಸೊನಿಕಿಡ್ ವಾದದ ಪರವಾಗಿದ್ದ ಗಿಂಜರಿಚ್ ತಮ್ಮ ಕೈಯಲ್ಲಿದ್ದ ಎಲುಬನ್ನು ನೋಡಿ ಅಭಿಪ್ರಾಯ ಬದಲಿಸಿದರು.

ಒಂದು ಗೊಂದಲವನ್ನು ಇಲ್ಲೇ ಬಗೆಹರಿಸಬೇಕು. ತಿಮಿಂಗಿಲ ಹುಟ್ಟಿದ್ದು ನೀರಾನೆಯಿಂದ ಎಂದು ಇದರ ಅರ್ಥವಲ್ಲ. ನೀರಾನೆಯ ಕುಟುಂಬದ ಪಳೆಯುಳಿಕೆಗಳು ತಿಮಿಂಗಿಲಕ್ಕಿಂತ ಎಷ್ಟೋ ಈಚಿನವು. ಇವೆರಡಕ್ಕೂ 5 ಕೋಟಿ ವರ್ಷಗಳಿಗಿಂತ ಹಿಂದೆ ಸಮಾನ ಪೂರ್ವಜರಿದ್ದರು, ಅಲ್ಲಿಂದ ಕವಲು ಬೇರೆಯಾಯಿತು. ಮನುಷ್ಯ ಮತ್ತು ಚಿಂಪಾಂಜಿಯ ವಿಷಯದಲ್ಲೂ ವಿಜ್ಞಾನ ಹೇಳುವುದು ಇಷ್ಟನ್ನೇ. ‘ಮಂಗ ಮನುಷ್ಯನಾದದ್ದನ್ನು ಕಂಡವರಾರು’ ಎಂಬ ಪ್ರಶ್ನೆ ಮೊದಲಿಗೇ ದಾರಿ ತಪ್ಪಿರುವುದು ಇಲ್ಲಿ.

ಜಮ್ಮುವಿನ ಕಲ್ಲಿನೊಳಗೆ

ಸೀಳುಗೊರಸಿನ ಕುಲದಲ್ಲಿ ತಿಮಿಂಗಿಲದ ಮಗ್ಗುಲಲ್ಲೇ ನಿಲ್ಲುವ ಪ್ರಾಣಿ ಯಾವುದು ಎಂಬುದಕ್ಕೆ ಉತ್ತರ ಬಹಳ ಕಾಲದಿಂದ ಭಾರತದಲ್ಲೇ ಕಲ್ಲಿನೊಳಗೆ ಕುಳಿತಿತ್ತು. ಭೂವಿಜ್ಞಾನಿ ಎ. ರಂಗರಾವ್ ಜಮ್ಮು ಸೀಮೆಯ ಕಾಲಾಕೋಟ್ ಪ್ರದೇಶದಿಂದ ಪಳೆಯುಳಿಕೆಯಿದ್ದ ಕಲ್ಲುಗಳನ್ನು ಸಂಗ್ರಹಿಸಿದ್ದರು. ಅಲ್ಲಿ ಸಿಕ್ಕ ಪುಟ್ಟ ಗೊರಸಿನ ಪ್ರಾಣಿಯೊಂದಕ್ಕೆ 1971ರಲ್ಲಿ ‘ಇಂಡೊಹಯಸ್’ ಎಂದು ಹೆಸರನ್ನೂ ಇಟ್ಟಿದ್ದರು. ಸಂಗ್ರಹದ ಬಹುಪಾಲು ಒಡೆಯದೆ ಹಾಗೆಯೇ ಉಳಿದಿತ್ತು. ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ ಅವರ ಪತ್ನಿ ಅವನ್ನು ಥೆವಿಸೆನ್ ಅವರಿಗೆ ಕೊಟ್ಟರು. ಪ್ರಯೋಗಾಲಯದಲ್ಲಿ ಕಲ್ಲಿನಿಂದ ತಲೆಬುರುಡೆಯೊಂದನ್ನು ಬಿಡಿಸುವಾಗ ತಂತ್ರಜ್ಞರ ಕೈಯಲ್ಲಿ ಕಿವಿಯ ಮೂಳೆ ಅಕಸ್ಮಾತ್ತಾಗಿ ಮುರಿಯಿತು. ಮುರಿದ ಅಂಚಿನಲ್ಲಿ ಕಂಡದ್ದು ತಿಮಿಂಗಿಲಕ್ಕೆ ಮಾತ್ರ ಮೀಸಲು ಎಂದುಕೊಂಡಿದ್ದ ಆ ದಪ್ಪ ಒಳಗೋಡೆ.

ಥೆವಿಸೆನ್, ಬಾಜಪೇಯಿ ಮತ್ತು ಸಂಗಡಿಗರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಸುಮಾರು 4 ಕೋಟಿ 80 ಲಕ್ಷ ವರ್ಷ ಹಿಂದಿನ ಇಂಡೊಹಯಸ್ ಗಾತ್ರದಲ್ಲಿ ಬೆಕ್ಕಿಗಿಂತ ಹೆಚ್ಚು ದೊಡ್ಡದೇನಲ್ಲ. ಸಣಕಲು ಕಾಲು, ತುದಿಯಲ್ಲಿ ಗೊರಸು. ಆದರೆ ಕಾಲಿನ ಮೂಳೆಗಳ ಗೋಡೆ ದಪ್ಪ, ಒಳಗಿನ ಟೊಳ್ಳು ಕಿರಿದು. ನೀರಿನಲ್ಲಿ ಹೊತ್ತು ಕಳೆಯುವ ಪ್ರಾಣಿಗಳಲ್ಲಿ ಹೀಗಿರುತ್ತದೆ, ದೇಹ ತೇಲಿಹೋಗದಂತೆ ಈ ಭಾರ ತಡೆಯುತ್ತದೆ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿರುವ ಮೊಲದ ಗಾತ್ರದ ಮೌಸ್ ಡಿಯರ್‌ಗೆ ಆಫ್ರಿಕಾದಲ್ಲಿ ಒಂದು ದಾಯಾದಿಯಿದೆ. ಹದ್ದು ಎರಗಿದರೆ ಅದು ಓಡಿ ನೀರಿಗೆ ಹಾರಿ ಮುಳುಗಿ ಅಡಗುತ್ತದೆ. ಇಂಡೊಹಯಸ್ ಕೂಡ ಹೀಗೆ ಜೀವ ಉಳಿಸಿಕೊಳ್ಳಲು ನೀರಿಗಿಳಿದಿರಬಹುದು, ಬೇಟೆಗಾಗಿ ನೀರನ್ನೇ ನೆಚ್ಚಿದ್ದು ಆಮೇಲೆ ಎಂಬುದು ಈ ವಿಜ್ಞಾನಿಗಳ ಊಹೆ.

ಪ್ರಾಣಿ ನೀರಿನಲ್ಲಿತ್ತೇ ಎಂಬುದಕ್ಕೆ ಎಲುಬಿನ ಆಕಾರವನ್ನು ಬಿಟ್ಟು ಬೇರೆ ಸಾಕ್ಷಿಯೂ ಉಂಟು. ಆಮ್ಲಜನಕದಲ್ಲಿ ಹಗುರ ಮತ್ತು ಭಾರ ಎಂಬ ಬಗೆಗಳಿವೆ. ಸಿಹಿನೀರಿನಲ್ಲೂ ಸಮುದ್ರದ ನೀರಿನಲ್ಲೂ ಇವುಗಳ ಪ್ರಮಾಣ ಬೇರೆ ಬೇರೆ. ಪ್ರಾಣಿ ಕುಡಿದ ನೀರಿನ ಗುರುತು ಹಲ್ಲಿನ ಎನಾಮಲ್‌ನಲ್ಲಿ ಉಳಿದುಬಿಡುತ್ತದೆ. ಪಾಕಿಸೀಟಸ್‌ನ ಹಲ್ಲು ಸಿಹಿನೀರಿನ ಲೆಕ್ಕ ಕೊಡುತ್ತದೆ. ಸಮುದ್ರದ ಕೆಸರಿನಲ್ಲಿ ಹೂತು ಸಿಕ್ಕಿದ್ದರೂ ಆಂಬ್ಯುಲೋಸೀಟಸ್‌ನ ಹಲ್ಲಿನಲ್ಲಿರುವುದು ಸಿಹಿನೀರೇ. ನಂತರದ ತಿಮಿಂಗಿಲಗಳ ಹಲ್ಲು ಸಮುದ್ರದ ಲೆಕ್ಕಕ್ಕೆ ಬಂದಿದೆ. ಎಲುಬಿನ ಆಕಾರವನ್ನು ನೋಡದೆಯೇ ರಸಾಯನಶಾಸ್ತ್ರ ಮುಟ್ಟಿದ ತೀರ್ಮಾನ ಇದು.

ಡಿಎನ್ಎಯಲ್ಲಿ ಉಳಿದ ಹಳೆಯ ಸಾಮಾನು

ಡಿಎನ್ಎಯಲ್ಲಿ ತಾನೇ ತನ್ನ ಪ್ರತಿ ತೆಗೆದು ಎಲ್ಲೋ ಒಂದು ಕಡೆ ಅಂಟಿಸಿಕೊಳ್ಳುವ ತುಣುಕುಗಳಿವೆ. ಅವು ಎಲ್ಲಿ ಅಂಟಿಕೊಳ್ಳುತ್ತವೆ ಎಂಬುದು ಬಹುಮಟ್ಟಿಗೆ ಆಕಸ್ಮಿಕ. ಒಮ್ಮೆ ಅಂಟಿದರೆ ಅಚ್ಚುಕಟ್ಟಾಗಿ ಕಿತ್ತುಹೋಗುವುದು ತೀರಾ ಅಪರೂಪ. ಕೋಟ್ಯಂತರ ಅಕ್ಷರಗಳ ಪಠ್ಯದಲ್ಲಿ ಎರಡು ಪ್ರಾಣಿಗಳಿಗೆ ಒಂದೇ ತುಣುಕು ಒಂದೇ ಜಾಗದಲ್ಲಿ ಇದ್ದರೆ ಅದು ಇಬ್ಬರಿಗೂ ಒಂದೇ ಪೂರ್ವಜನಿಂದ ಬಂದದ್ದೆಂದು ತಿಳಿಯಬೇಕು. ಜಪಾನಿನ ನೊರಿಹಿರೊ ಒಕಾಡಾ ಅವರ ತಂಡ 1990ರ ದಶಕದ ಕೊನೆಯಲ್ಲಿ ಇಂಥ ತುಣುಕುಗಳನ್ನು ಹುಡುಕಿತು. ತಿಮಿಂಗಿಲ ಮತ್ತು ನೀರಾನೆಗಳಲ್ಲಿ ಅದೇ ಜಾಗದಲ್ಲಿದ್ದು ದನ, ಹಂದಿ, ಒಂಟೆಗಳಲ್ಲಿ ಇಲ್ಲದ ತುಣುಕುಗಳು ಸಿಕ್ಕವು.

ಇನ್ನೊಂದು ಬಗೆಯ ಸಾಕ್ಷಿ ಕೆಟ್ಟುಹೋದ ವಂಶವಾಹಿಗಳದು. ಹಲ್ಲಿನ ತಿಮಿಂಗಿಲಗಳಿಗೂ ಡಾಲ್ಫಿನ್‌ಗಳಿಗೂ ವಾಸನೆಯ ಶಕ್ತಿ ಇಲ್ಲವೆಂದೇ ಹೇಳಬೇಕು. ಆದರೂ ನೆಲದ ಸಸ್ತನಿಗಳಿಗೆ ಗಾಳಿಯಲ್ಲಿ ವಾಸನೆ ಹಿಡಿಯಲು ಬೇಕಾದ ವಂಶವಾಹಿಗಳು ಅವುಗಳ ಡಿಎನ್ಎಯಲ್ಲಿ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿ ಬಿದ್ದಿವೆ. ನೀಲಿ ತಿಮಿಂಗಿಲದ ಗುಂಪಿಗೆ ಹಲ್ಲಿಲ್ಲ, ಬಾಯಲ್ಲಿರುವುದು ಜರಡಿಯಂಥ ಪಟ್ಟಿಗಳು. ಹಾಗಿದ್ದೂ ಹಲ್ಲಿನ ಎನಾಮಲ್ ಕಟ್ಟುವ ವಂಶವಾಹಿಗಳು ಅವುಗಳಲ್ಲಿವೆ, ಕೆಟ್ಟು ನಿಂತಿವೆ. ಹಲ್ಲು ಎಂದೂ ಇರದಿದ್ದ ಪ್ರಾಣಿಗೆ ಎನಾಮಲ್ ಕಟ್ಟುವ ವಂಶವಾಹಿ ಎಲ್ಲಿಂದ ಬರಬೇಕು?

ಬಸಿರಿನಲ್ಲಿ ಮೂಡಿ ಮರೆಯಾಗುವ ಕಾಲು

ಡಾಲ್ಫಿನ್ ಭ್ರೂಣದಲ್ಲಿ ಮೊದಲ ವಾರಗಳಲ್ಲಿ ಹಿಂಗಾಲಿನ ಮೊಗ್ಗುಗಳು ಮೂಡುತ್ತವೆ. ಸ್ವಲ್ಪ ದಿನ ಬೆಳೆದು ಆಮೇಲೆ ಕರಗಿಹೋಗುತ್ತವೆ. ಕಾಲು ಬೆಳೆಯಲು ಬೇಕಾದ ವಂಶವಾಹಿಯ ಸೂಚನೆ ಅಲ್ಲಿ ಸಿಗುವುದಿಲ್ಲ ಎಂದು ಥೆವಿಸೆನ್ ತಂಡ 2006ರಲ್ಲಿ ತೋರಿಸಿತು. ಮೂಗಿನ ಹೊಳ್ಳೆಯೂ ಭ್ರೂಣದಲ್ಲಿ ಮೊದಲು ಮೂತಿಯ ತುದಿಯಲ್ಲಿದ್ದು ನಂತರ ನೆತ್ತಿಯತ್ತ ಸರಿಯುತ್ತದೆ. ಹಲ್ಲಿಲ್ಲದ ತಿಮಿಂಗಿಲಗಳ ಭ್ರೂಣದ ವಸಡಿನಲ್ಲಿ ಹಲ್ಲಿನ ಮೊಳಕೆಗಳು ಮೂಡಿ, ಹುಟ್ಟುವ ಮೊದಲೇ ಮಾಯವಾಗುತ್ತವೆ.

ಅಪರೂಪಕ್ಕೆ ಈ ಅಳಿಸುವ ಕೆಲಸ ಪೂರ್ತಿಯಾಗುವುದಿಲ್ಲ. 1919ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ಬಳಿ ಬೇಟೆಗಾರರ ಕೈಗೆ ಸಿಕ್ಕ ಹೆಣ್ಣು ಗೂನುಬೆನ್ನಿನ ತಿಮಿಂಗಿಲಕ್ಕೆ ದೇಹದಿಂದ ಹೊರಚಾಚಿದ ಎರಡು ಹಿಂಗಾಲುಗಳಿದ್ದವು. ಒಂದೊಂದೂ ಒಂದೂಕಾಲು ಮೀಟರಿನಷ್ಟು ಉದ್ದ. ರಾಯ್ ಚಾಪ್‌ಮನ್ ಆಂಡ್ರೂಸ್ 1921ರಲ್ಲಿ ಅದರ ಮೂಳೆಗಳನ್ನು ವಿವರಿಸಿ ಬರೆದರು. 2006ರಲ್ಲಿ ಜಪಾನಿನ ತೈಜಿಯಲ್ಲಿ ಸಿಕ್ಕ ಡಾಲ್ಫಿನ್ ಒಂದಕ್ಕೆ ಹೊಟ್ಟೆಯ ಹಿಂಭಾಗದಲ್ಲಿ ಹೆಚ್ಚುವರಿ ಜೋಡಿ ಈಜುರೆಕ್ಕೆಗಳಿದ್ದವು. ಮೀನಿಗೆ ಎಂದಾದರೂ ಸಸ್ತನಿಯ ಕಾಲು ಮೂಡಿದ್ದುಂಟೇ?

ಇಂದಿನ ತಿಮಿಂಗಿಲಗಳ ಮಾಂಸದೊಳಗೆ ಬೆನ್ನುಮೂಳೆಗೆ ಅಂಟದ ಸೊಂಟದ ಮೂಳೆಗಳು ಉಳಿದಿವೆ. ಕೆಲವು ಜಾತಿಗಳಲ್ಲಿ ಪುಟ್ಟ ತೊಡೆಮೂಳೆಯೂ ಇದೆ. ಇವು ಉಪಯೋಗವಿಲ್ಲದ ಉಳಿಕೆಗಳು ಎಂದು ಹಿಂದೆ ಬರೆಯುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಜನನಾಂಗದ ಸ್ನಾಯುಗಳು ಈ ಸೊಂಟದ ಮೂಳೆಗಳಿಗೆ ಆತುಕೊಂಡಿವೆ, ಸಂತಾನೋತ್ಪತ್ತಿಯಲ್ಲಿ ಅವುಗಳಿಗೆ ಪಾತ್ರವಿದೆ. ನಡೆಯುವ ಕೆಲಸ ಹೋಯಿತು, ಇನ್ನೊಂದು ಕೆಲಸ ಉಳಿಯಿತು. ವಿಕಾಸ ಹೊಸದನ್ನು ಶೂನ್ಯದಿಂದ ಮಾಡುವುದಿಲ್ಲ, ಇದ್ದದ್ದನ್ನೇ ತಿದ್ದಿ ಬಳಸುತ್ತದೆ ಎಂಬುದಕ್ಕೆ ಇದು ಇನ್ನೂ ಒಳ್ಳೆಯ ಸಾಕ್ಷಿ.

ಸುಳ್ಳಾಗಬಹುದಿತ್ತು

ಈ ಬದಲಾವಣೆಗೆಲ್ಲ ಹಿಡಿದ ಕಾಲ ಸುಮಾರು 1 ಕೋಟಿ ವರ್ಷ. ನಡುವಿನ ಪ್ರಾಣಿಗಳು ಅರ್ಧ ಬೆಂದ ತಿಮಿಂಗಿಲಗಳಾಗಿರಲಿಲ್ಲ. ನದಿಮುಖದ ಕೆಸರು ನೀರಿನಲ್ಲಿ ಹೊಂಚುಹಾಕುವ ಬದುಕಿಗೆ ಆಂಬ್ಯುಲೋಸೀಟಸ್ ಸರಿಯಾಗಿಯೇ ಹೊಂದಿತ್ತು. ಒಂದೇ ಗುಂಪಿನಲ್ಲಿ ಹುಟ್ಟುವ ಮರಿಗಳಲ್ಲಿ ಸಣ್ಣ ವ್ಯತ್ಯಾಸಗಳಿರುತ್ತವೆ, ಆ ಜಾಗಕ್ಕೆ ಒಗ್ಗಿದವು ಹೆಚ್ಚು ಮರಿ ಬಿಟ್ಟುಹೋಗುತ್ತವೆ. ಇದು ಲಕ್ಷಾಂತರ ತಲೆಮಾರು ನಡೆದರೆ ಏನಾಗುತ್ತದೆ ಎಂಬುದನ್ನೇ ಬಂಡೆಗಳು ತೋರಿಸುತ್ತಿವೆ. ಔಷಧಕ್ಕೆ ಬಗ್ಗದ ಕ್ಷಯದ ಬ್ಯಾಕ್ಟೀರಿಯಾ, ಕೀಟನಾಶಕಕ್ಕೆ ಸಾಯದ ಸೊಳ್ಳೆ, ಇವುಗಳಲ್ಲಿ ಅದೇ ಪ್ರಕ್ರಿಯೆ ನಮ್ಮ ಕಣ್ಣೆದುರೇ ನಡೆಯುತ್ತಿದೆ.

ಒಂದು ಸಿದ್ಧಾಂತ ವಿಜ್ಞಾನವೆನಿಸಿಕೊಳ್ಳಬೇಕಾದರೆ ಅದು ಸುಳ್ಳಾಗುವ ದಾರಿ ತೆರೆದಿರಬೇಕು. ಇಲ್ಲಿ ಆ ದಾರಿಗಳು ಎಷ್ಟೋ ಇದ್ದವು. ಡೈನೋಸಾರ್‌ಗಳ ಕಾಲದ ಪದರದಲ್ಲಿ ನೀಲಿ ತಿಮಿಂಗಿಲದ ಅಸ್ಥಿಪಂಜರ ಸಿಕ್ಕಿದ್ದರೆ ಕತೆ ಮುಗಿಯುತ್ತಿತ್ತು. ಡಿಎನ್ಎ ತಿಮಿಂಗಿಲವನ್ನು ಶಾರ್ಕಿನ ಪಕ್ಕ ಕೂರಿಸಿದ್ದರೆ ಮುಗಿಯುತ್ತಿತ್ತು. ಹಾಗೇನೂ ಆಗಲಿಲ್ಲ. ಬದಲಿಗೆ ಹೊಸದಾಗಿ ಸಿಕ್ಕಿದ್ದೆಲ್ಲ ಹೊಂದಿಕೊಂಡೇ ಬಂತು. ಪೆರುವಿನ ಕಡಲತೀರದಲ್ಲಿ ಸಿಕ್ಕ, 2019ರಲ್ಲಿ ಪ್ರಕಟವಾದ ‘ಪೆರೆಗೊಸೀಟಸ್’ 4 ಕೋಟಿ 26 ಲಕ್ಷ ವರ್ಷ ಹಳೆಯ ನಾಲ್ಕು ಕಾಲಿನ ತಿಮಿಂಗಿಲ. ಅದರ ಬೆರಳ ತುದಿಗಳಲ್ಲಿ ಪುಟ್ಟ ಗೊರಸುಗಳ ಗುರುತಿದೆ. ಕಾಲಿರುವಾಗಲೇ ತಿಮಿಂಗಿಲಗಳು ನಮ್ಮ ಕಡೆಯಿಂದ ಆಫ್ರಿಕಾ ದಾಟಿ, ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕ ಮುಟ್ಟಿದ್ದವು ಎಂಬುದು ಅದರಿಂದ ತಿಳಿಯಿತು.

ಮಕ್ಕಳಿಗೆ ತಲಪಬೇಕು

ಇಷ್ಟೆಲ್ಲ ನಮ್ಮದೇ ಉಪಖಂಡದ ಕತೆ. ಆದರೆ 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಪಾಠದಿಂದ ವಿಕಾಸದ ಭಾಗವನ್ನು ತೆಗೆದುಹಾಕಿತು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದೆ ಎಂಬುದು ಕೊಟ್ಟ ಸಮಜಾಯಿಷಿ. ಪಿಯುಸಿಯಲ್ಲಿ ಕಲೆಯನ್ನೋ ವಾಣಿಜ್ಯವನ್ನೋ ಆಯ್ದುಕೊಳ್ಳುವ ಮಕ್ಕಳು, ಐಟಿಐಗೆ ಹೋಗುವ ಮಕ್ಕಳು ಇದನ್ನು ಓದುವುದು ಯಾವಾಗ? ಅದನ್ನು ಮರಳಿ ಸೇರಿಸಿ ಎಂದು 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಕೇಳಿಕೊಂಡರು.

ಪಠ್ಯಪುಸ್ತಕದಲ್ಲಿ ಇರಲಿ, ಬಿಡಲಿ, ಶಿಕ್ಷಕರು ಮತ್ತು ತಂದೆತಾಯಂದಿರು ಈ ಕತೆಯನ್ನು ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕಛ್, ಕಾಲಾಕೋಟ್‌ಗಳನ್ನು ನಕ್ಷೆಯಲ್ಲಿ ತೋರಿಸಿ. ಮೈಸೂರಿನ ಮೃಗಾಲಯದಲ್ಲಿ ನೀರಾನೆಯ ಎದುರು ನಿಂತಾಗ ಅದರ ನೆಂಟ ಯಾರೆಂದು ಮಕ್ಕಳಿಗೆ ಹೇಳಿ. ನಂಬು ಎಂದು ಯಾವ ಮಗುವಿಗೂ ಹೇಳಬೇಡಿ. ಕಿವಿ, ಕೀಲು, ಹಲ್ಲು, ಡಿಎನ್ಎ, ಭ್ರೂಣ, ಈ ಸಾಕ್ಷಿಗಳನ್ನು ಒಂದೊಂದಾಗಿ ಅದರ ಮುಂದಿಟ್ಟು ತೀರ್ಪನ್ನು ಅದಕ್ಕೇ ಬಿಡಿ.